ಕೂಗಿದರೆ ಬರುತ್ತಿದ್ದ ಉಸಿರು

ನನ್ನ ದನಿ ದೊಡ್ಡದು. ಇದು ಜಂಬದ ಮಾತಲ್ಲ, ಬನಹಟ್ಟಿ ಬಸ್‌ಸ್ಟ್ಯಾಂಡಿಗೆ ಬಂದು ಹೋದವರಿಗೆಲ್ಲ ಗೊತ್ತಿರುವ ಸಂಗತಿ. ಕಂಟ್ರೋಲ್ ಕೋಣೆಯಲ್ಲಿ ಕೂತು ಮೈಕಿನಲ್ಲಿ ಬಸ್ಸು ಕೂಗುವುದು ನನ್ನ ನೌಕರಿ. ಜಮಖಂಡಿ, ಮುಧೋಳ, ಬೀಳಗಿ ಎಂದು ದಿನವಿಡೀ ಒದರಿ ಒದರಿ ಗಂಟಲು ಗಟ್ಟಿಯಾಗಿ ಹೋಗಿದೆ. ಮೈಕು ಕೆಟ್ಟರೂ ನನ್ನ ಕೆಲಸ ಕೆಡುವುದಿಲ್ಲ. ಬಾಗಿಲಿಗೆ ಬಂದು ಒಂದು ಸಲ ಕೂಗಿದರೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕೂತ ಡ್ರೈವರ್ ಕಪ್ಪು ಬಿಟ್ಟು ಎದ್ದು ಬರುತ್ತಾನೆ. ಮನೆಯಲ್ಲೂ ನಾನು ಹಾಗೆಯೇ. ಸಿಟ್ಟು ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ.

ಈ ದನಿ ಕಂಡರೆ ಆಗದವಳು ನನ್ನ ಅತ್ತಿ ಒಬ್ಬಳೇ. ಅಪ್ಪನ ಅಕ್ಕ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದರಿಂದ, ಚಿಮ್ಮಡದ ತವರುಮನೆಯಲ್ಲಿ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ನಾನು ಬಾಯಿ ತೆರೆದರೆ ಸಾಕು, “ಬಾಯಿ ಮುಚ್ಚ ಬೇ, ಕುರಿ ಬೆದರ್ತಾವು” ಅನ್ನುತ್ತಿದ್ದಳು. ಕುರಿಗಳನ್ನೆಲ್ಲ ಮಾರಿ ಎಷ್ಟೋ ವರ್ಷವಾದ ಮೇಲೂ ಅದೇ ಮಾತು. ನನಗೆ ಈ ನೌಕರಿ ಸಿಕ್ಕಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಒದರೂದಕ್ಕ ಪಗಾರ ಕೊಡ್ತಾರಂದ್ರ, ಸರಕಾರದಾಗ ರೊಕ್ಕ ಭಾಳ ಆಗ್ಯಾವು ಬಿಡು” ಅಂದಿದ್ದಳು.

ನಮ್ಮದು ಬೀರೇಶ್ವರನ ಒಕ್ಕಲು. ಅತ್ತಿ ಹರೆಯದಲ್ಲಿ ಕುರಿಯ ಹಿಂದೆ ನಡೆದವಳು. ಸುಗ್ಗಿ ಮುಗಿದರೆ ಹಿಂಡು ಹೊಡೆದುಕೊಂಡು ತುಬಚಿಯ ಹೊಳೆದಂಡೆ, ಅಲ್ಲಿಂದ ಬೀಳಗಿಯ ಕಡೆಯ ಬಯಲು, ಹೀಗೆ ತಿಂಗಳುಗಟ್ಟಲೆ ಆಕಾಶದ ಕೆಳಗೆ ಮಲಗಿದವಳು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ, ತಮ್ಮಂದಿರ ಮನೆಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಕಾಕಾ, ಅಂದರೆ ಅವಳ ಕಿರಿಯ ತಮ್ಮ, ಅವಳನ್ನು ನೋಡಿಕೊಂಡ. ಊರಿಗೆ ಬಂದು ನೆಲೆ ನಿಂತ ಮೇಲೆ ಅವಳಿಗೆ ಬೇರೊಂದು ಹೆಸರು ಬಂತು. ನಮ್ಮಲ್ಲಿ ಹೆರಿಗೆಯಾದವಳನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಸಗಣಿ ಕುಳ್ಳಿನ ಕೆಂಡ ಇಟ್ಟು, ಮೇಲೆ ಕಂಬಳಿ ಹೊದಿಸಿ ಬೆನ್ನು ಕಾಸುತ್ತಾರೆ. ಆ ಕಾಸುವ ಕೆಲಸದಲ್ಲಿ ಅತ್ತಿಯದು ಎತ್ತಿದ ಕೈ. ಕೆಂಡ ಎಷ್ಟಿರಬೇಕು, ಬೂದಿ ಎಷ್ಟು ಮುಚ್ಚಬೇಕು, ಯಾವಾಗ ಸರಿಸಬೇಕು ಎಂಬುದು ಹೊರಸಿನ ಕೆಳಗೆ ಕೈ ಹಿಡಿದು ನೋಡಿದರೆ ತಿಳಿಯುತ್ತಿತ್ತು ಅವಳಿಗೆ. ನಮ್ಮ ಓಣಿಯ ಅರ್ಧಕ್ಕರ್ಧ ಹೆಂಗಸರ ಬೆನ್ನು ಅವಳೇ ಕಾಸಿದ್ದು. ನನ್ನ ಎರಡೂ ಬಾಣಂತನದಲ್ಲಿ ನನ್ನ ಬೆನ್ನನ್ನೂ ಕಾಸಿದಳು.

ಅಂಥವಳ ಬೆನ್ನಿಗೇ ನೋವು ಬಂದು ಕೂತಿತು. ಮೊದಲು ಎದೆಯಲ್ಲಿ ಗಂಟು, ಆಪರೇಷನ್ನು. ಗುಣವಾಯಿತು ಅಂದುಕೊಂಡೆವು. ಆಮೇಲೆ ಆ ರೋಗ ಬೆನ್ನೆಲುಬಿಗೆ ಇಳಿಯಿತು. ಅತ್ತಿ ನೋವಿಗೆ ಅಳುವವಳಲ್ಲ, ಬೈಯುವವಳು. ಗೋಡೆಗೆ ಬೈದಳು, ದೇವರಿಗೆ ಬೈದಳು, ಕಾಕಾನಿಗಂತೂ ಹೊತ್ತು ಹೊತ್ತಿಗೆ ಬೈದಳು. ಒಂದು ದಿನ ಬೈಯುವುದನ್ನೂ ಬಿಟ್ಟು, ಕಂಬಳಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನೆ ಮಲಗಿದ್ದಳು. ಆ ವಾರವೇ ಜಮಖಂಡಿಯ ಡಾಕ್ಟರು ಗುಳಿಗೆ ಬಿಡಿಸಿ ಪಟ್ಟಿ ಬರೆದುಕೊಟ್ಟರು.

ಪಟ್ಟಿ ಎಂದರೆ ಮೈಗೆ ಅಂಟಿಸುವ ಸಣ್ಣ ತುಂಡು. ಒಳಗೆ ಔಷಧ ಇರುವುದು ಕಣ್ಣಿಗೆ ಕಾಣುವುದೂ ಇಲ್ಲ. ಫೆಂಟನಿಲ್ ಎಂದು ಅದರ ಹೆಸರು. ಅಫೀಮಿನ ಜಾತಿಯದು, ಆದರೆ ಅಫೀಮನ್ನು ಮೀರಿಸಿದ್ದು. ಒಮ್ಮೆ ಅಂಟಿಸಿದರೆ ಮೂರು ದಿನ ಚರ್ಮದೊಳಗೆ ಇಷ್ಟಿಷ್ಟೇ ಇಳಿಯುತ್ತದೆ. ಅಂಟಿಸಿದ ಮರುದಿನ ಅತ್ತಿ ಎದ್ದು ಕೂತು ರೊಟ್ಟಿ ಕೇಳಿದಳು. ಕಾಕಾ ಕೂಡಲೇ ನನಗೆ ಫೋನು ಮಾಡಿದ. “ಬೈಯಾಕತ್ತಾಳವ್ವ ಮತ್ತ” ಅಂದ. ಅದನ್ನು ಕೇಳಿ ನಾನು ಕಂಟ್ರೋಲ್ ಕೋಣೆಯಲ್ಲೇ ಕೂತು ಅತ್ತೆ. ಮುಧೋಳದ ಬಸ್ಸು ಕೂಗದೇ ಹಾಗೇ ಹೋಯಿತು.

ಔಷಧದ ಅಂಗಡಿಯವರು ಕಾಕಾನಿಗೆ, ಪಟ್ಟಿಗೆ ಬಿಸಿ ತಾಗಬಾರದು ಎಂದು ಹೇಳಿದ್ದರು. ಕಾಕಾ ಮಾತು ಕೇಳುವ ಮನುಷ್ಯ. ಪಟ್ಟಿಯ ಡಬ್ಬಿಯನ್ನು ಒಲೆಯ ಕಡೆ ಸುಳಿಯಗೊಡದೆ, ನೀರಿನ ಹರವಿಯ ಹಿಂದಿನ ಗೂಡಿನಲ್ಲಿ ತಣ್ಣಗೆ ಇಟ್ಟಿದ್ದ. ಬಿಸಿಲು ಬೀಳಬಾರದೆಂದು ಅದರ ಮೇಲೊಂದು ಅರಿವೆ ಬೇರೆ ಹೊದಿಸಿದ್ದ. ಅವನ ಪ್ರಕಾರ ಪಟ್ಟಿ ಡಬ್ಬಿಯಲ್ಲಿ ಇರುವ ತನಕ ಪಟ್ಟಿ. ಬೆನ್ನಿಗೆ ಹತ್ತಿದ ಮೇಲೆ ಅದು ಬೆನ್ನು. ನೊಂದ ಬೆನ್ನನ್ನು ಏನು ಮಾಡಬೇಕು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ.

ಪುಷ್ಯದ ಚಳಿ ಬಿತ್ತು. ನನ್ನ ವಾರದ ರಜೆ ಇತ್ತು. ಬೆಳಿಗ್ಗೆಯ ಬಸ್ಸು ಹಿಡಿದು, ಅತ್ತಿಗೆ ಇಷ್ಟವೆಂದು ಬಾಳೆಹಣ್ಣು ಕಟ್ಟಿಸಿಕೊಂಡು ಚಿಮ್ಮಡಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲೆ ಬೆರಳು ತುಟಿಗಿಟ್ಟುಕೊಂಡು ಕೂತಿದ್ದ.

“ಮೆಲ್ಲಕ ಬಾ. ಮಲಕೊಂಡಾಳ. ಎಷ್ಟ ಛಲೋ ನಿದ್ದಿ ಹತ್ತೇತಿ ನೋಡು, ಗೊರಕಿ ಹೊಡ್ಯಾಕತ್ತಾಳ.”

“ಯಾವಾಗಿಂದ?”

“ಮುಂಜಾನಿ ಥಂಡಿ ಭಾಳ ಅಂದ್ಲು, ಬೆನ್ನ ಕಾಸು ಅಂದ್ಲು. ಆಕೀನ ಹೇಳಿಕೊಟ್ಲು, ನಾ ಕೆಂಡ ಹಾಕಿದ್ಯಾ. ಸುಖಾ ಆತು ನೋಡು, ಕಣ್ಣ ಮುಚ್ಚಿದ್ಲು.”

ತೆರೆದ ಪಡಸಾಲೆ. ಹೊರಸಿನ ಮೇಲೆ ಅತ್ತಿ, ಮೇಲೆ ಎರಡು ಕಂಬಳಿ, ಕೆಳಗೆ ಬುಟ್ಟಿಯಲ್ಲಿ ಬೂದಿ ಮುಚ್ಚಿದ ಕೆಂಡ. ಮುಖ ನೋಡಿದರೆ ಅಷ್ಟು ಶಾಂತವಾಗಿತ್ತು. ತಿಂಗಳುಗಳಿಂದ ಹುಬ್ಬಿನ ನಡುವೆ ಇದ್ದ ಗಂಟು ಬಿಚ್ಚಿಹೋಗಿತ್ತು. ನಾನೂ ಕಾಕಾನಂತೆಯೇ ಖುಷಿಪಟ್ಟೆ. ಚಪ್ಪಲಿ ಬಿಟ್ಟು ಸದ್ದಾಗದಂತೆ ಹೊರಸಿನ ಪಕ್ಕ ಕೂತೆ. ಗೊರಕೆ ಕೇಳುತ್ತಿತ್ತು. ಅದು ನೆಟ್ಟಗಿನ ಗೊರಕೆಯಲ್ಲ, ಗಂಟಲಲ್ಲಿ ನೀರು ನಿಂತಂಥ ಗೊರಗೊರ. ಒಂದು ಬಂತು. ಇನ್ನೊಂದಕ್ಕೆ ಕಾದೆ. ಬರಲಿಲ್ಲ. ನಾನು ಬಾಳೆಹಣ್ಣಿನ ಚೀಲವನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಮತ್ತೆ ನೋಡಿದೆ. ಆಗಲೂ ಇನ್ನೊಂದು ಬಂದಿರಲಿಲ್ಲ.

ಬಗ್ಗಿ ನೋಡಿದರೆ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಪ್ಪಿಟ್ಟಿತ್ತು. ಉಗುರು ಕೂಡ. ಕೆನ್ನೆ ತಟ್ಟಿದೆ, ಏಳಲಿಲ್ಲ. ರೆಪ್ಪೆ ಎತ್ತಿದೆ, ಕಣ್ಣಿನ ಕರಿಗುಡ್ಡೆ ಸಾಸಿವೆ ಕಾಳಿನಷ್ಟಾಗಿತ್ತು. ಎದೆಯ ಮೇಲೆ ಕೈ ಇಟ್ಟರೆ ಒಳಗೆ ಬಡಿತ ಇತ್ತು, ಆದರೆ ಎದೆ ಏಳುತ್ತಿರಲಿಲ್ಲ. ಇಷ್ಟು ಹತ್ತಿರದಿಂದ ನಾನು ಅಂಥದ್ದನ್ನು ಕಂಡಿರಲಿಲ್ಲ. ಜೀವ ಇದೆ, ಉಸಿರಿಲ್ಲ. ಹೆದರಿಕೆಗೆ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಒದರಿದೆ.

“ಅತ್ತೀ, ಉಸುರ ತಗೊ ಬೇ.”

ಅವಳು ತೆಗೆದುಕೊಂಡಳು.

ಈಗಲೂ ಇದನ್ನು ಬರೆಯುವಾಗ ನನ್ನ ಮೈಮೇಲೆ ಮುಳ್ಳೇಳುತ್ತವೆ. ಕಣ್ಣು ತೆರೆಯಲಿಲ್ಲ, ಕೈ ಅಲುಗಲಿಲ್ಲ, ಆದರೆ ಹೇಳಿದ ಕೂಡಲೇ ಎದೆ ಎದ್ದು ಒಂದು ದೊಡ್ಡ ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಆಮೇಲೆ ಮತ್ತೆ ಏನೂ ಇಲ್ಲ. ಮತ್ತೆ ಕೂಗಿದೆ, ಮತ್ತೆ ಒಂದು ಬಂತು. ನಾನು ಸುಮ್ಮನಾದರೆ ಅವಳೂ ಸುಮ್ಮನಾಗುತ್ತಿದ್ದಳು. ಹುಟ್ಟಿದಂದಿನಿಂದ ಹೊಟ್ಟೆಪಾಡಿನ ನಡುವೆ, ನಿದ್ದೆಯ ನಡುವೆ, ಜಗಳದ ನಡುವೆ ಯಾರೂ ಹೇಳದೆ ಕೇಳದೆ ನಡೆದುಕೊಂಡು ಬಂದ ಕೆಲಸ, ಈಗ ಒಬ್ಬರು ಹೇಳಿದರೆ ಮಾತ್ರ ನಡೆಯುತ್ತದೆ ಎಂದಾಗಿತ್ತು. ಹೇಳಬೇಕಾದವಳು ನಾನು.

ಕಾಕಾ ಓಡಿ ಹೋಗಿ ಪಕ್ಕದ ಮನೆಯವನನ್ನು ಅವನ ಮೂರು ಗಾಲಿಯ ಟಂಟಂ ಗಾಡಿಯ ಸಮೇತ ಕರೆತಂದ. ಹಿಂದಿನ ಹಾಸಿನ ಮೇಲೆ ಅತ್ತಿಯನ್ನು ಮಲಗಿಸಿಕೊಂಡು ಬನಹಟ್ಟಿಯ ಕಡೆ ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಕೂಗಿದೆ. “ಅತ್ತಿ, ತಗೊ. ಇನ್ನೊಂದ ತಗೊ. ಮತ್ತೊಂದ.” ಕಬ್ಬಿನ ಸುಗ್ಗಿ ಬೇರೆ, ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುತ್ತಿದ್ದವು. ಒಂದರ ಹಿಂದೆ ಸಿಕ್ಕಿಹಾಕಿಕೊಂಡೆವು. ಹಾಡು ಹಚ್ಚಿಕೊಂಡು ಹೊರಟಿದ್ದ ಆ ಟ್ರ್ಯಾಕ್ಟರಿನವನನ್ನು ಬೇರೆ ದಿನವಾಗಿದ್ದರೆ ನಾನು ಕೂಗಿಯೇ ಗದ್ದೆಗೆ ಇಳಿಸುತ್ತಿದ್ದೆ. ನಾಲಿಗೆ ತುದಿಗೆ ಬೈಗುಳ ಬಂದಿತ್ತು. ಆದರೆ ಇದ್ದದ್ದು ಒಂದೇ ಬಾಯಿ. ಅವನಿಗೆ ಬೈಯುವಷ್ಟು ಹೊತ್ತು ಅತ್ತಿಗೆ ಉಸಿರಿಲ್ಲ. ಬೈಗುಳ ನುಂಗಿದೆ. ಕಾಕಾ ಧೋತರ ಎತ್ತಿಕಟ್ಟಿ ಕೆಳಗೆ ಹಾರಿ, ಓಡಿ ಹೋಗಿ ಟ್ರ್ಯಾಕ್ಟರು ಬದಿಗೆ ಹಿಡಿಸಿದ. ನನ್ನ ದನಿ ಮೊದಲ ಸಲ ಒಡೆಯತೊಡಗಿತ್ತು.

ದವಾಖಾನೆಯಲ್ಲಿ ಇದ್ದವರು ಒಬ್ಬ ಡಾಕ್ಟರ್ ಮೇಡಂ, ನನ್ನ ಮಗಳ ವಯಸ್ಸಿನವರು. ಮೊದಲು ಅತ್ತಿಯ ಗದ್ದ ಎತ್ತಿದರು, ಮುಖದ ಮೇಲೆ ರಬ್ಬರಿನ ಚೀಲದ ಮುಖವಾಡ ಒತ್ತಿ ಹಿಂಡತೊಡಗಿದರು. ಹಿಂಡಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. “ಇನ್ನ ನೀವು ಕೂಗೂದು ಬ್ಯಾಡ್ರಿ, ನಾ ಕೊಡ್ತೇನಿ ಉಸುರು” ಅಂದರು. ಆಗ ನನಗೆ ಗೊತ್ತಾಯಿತು, ಒಳಗೆ ಬಂದ ಮೇಲೂ ನಾನು ಕೂಗುತ್ತಲೇ ಇದ್ದೆ ಎಂದು. ಚೀಲವನ್ನು ನರ್ಸಿನ ಕೈಗೆ ಕೊಟ್ಟು ಅವರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು.

“ಏನ ಔಷಧ ನಡದೇತ್ರಿ ಇವರಿಗೆ? ನೋವಿಂದೇನರ?”

“ಪಟ್ಟಿ ಐತ್ರಿ, ಬೆನ್ನಾಗ” ಅಂದ ಕಾಕಾ.

ಹೊರಳಿಸಿ ನೋಡಿದರು. ಪಟ್ಟಿಯ ಸುತ್ತ ಚರ್ಮ ಕೆಂಪಾಗಿ ಇನ್ನೂ ಬೆಚ್ಚಗಿತ್ತು. ಕಾಕಾ ತಾನಾಗಿಯೇ, ಹೆಮ್ಮೆ ಅಂತಲೇ ಅನ್ನಬೇಕು, ಬೆನ್ನು ಕಾಸಿದ್ದನ್ನು ಹೇಳಿದ. ಮೇಡಂ ಅವನ ಮುಖವನ್ನು ಒಂದು ಕ್ಷಣ ನೋಡಿದರು. ಕೈಗವಸು ಹಾಕಿಕೊಂಡು ಪಟ್ಟಿ ಕಿತ್ತು ಮಡಿಚಿ ಒಗೆದರು, ಆಪರೇಷನ್ ಕೋಣೆಯಿಂದ ಒಂದು ಇಂಜೆಕ್ಷನ್ ತರಿಸಿದರು. ನ್ಯಾಲೋಕ್ಸೋನ್ ಅಂತ ಅದರ ಹೆಸರು, ಅಫೀಮಿನ ಜಾತಿಯ ಔಷಧಕ್ಕೆಲ್ಲ ಮದ್ದು. ಸ್ವಲ್ಪ ಸ್ವಲ್ಪವಾಗಿ ರಕ್ತದೊಳಗೆ ಬಿಟ್ಟರು.

ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ. ನರ್ಸು ಚೀಲ ಹಿಂಡುವುದನ್ನು ನಿಲ್ಲಿಸಿದರು. ಎಲ್ಲರೂ ಎದೆಯನ್ನೇ ನೋಡುತ್ತ ನಿಂತೆವು. ಯಾರೂ ಕೂಗಲಿಲ್ಲ. ಎದೆ ತಾನಾಗಿ ಎದ್ದಿತು. ಇಳಿಯಿತು. ಮತ್ತೆ ತಾನಾಗಿ ಎದ್ದಿತು. ತುಟಿಯ ಕಪ್ಪು ನಡುವಿನಿಂದ ಅಂಚಿಗೆ ಸರಿಯುತ್ತ ಸರಿಯುತ್ತ ಹೋಯಿತು, ಉಗುರಿಗೆ ಬಣ್ಣ ಬಂತು. ನಾನು ಇಬ್ಬರು ಮಕ್ಕಳನ್ನು ಹೆತ್ತವಳು, ಅವರ ಮೊದಲ ಅಳು ಕೇಳಿದವಳು. ಆದರೆ ಒಂದು ಉಸಿರು ಇಲ್ಲದ ಕಡೆಯಿಂದ ಬರುವುದನ್ನು ಹೀಗೆ ಕಣ್ಣಿಟ್ಟು ನೋಡಿರಲಿಲ್ಲ. ನನಗೆ ಅರಿವಿಲ್ಲದೆ ಕೈ ಮುಗಿದಿದ್ದೆ. ಯಾರಿಗೆ ಮುಗಿದೆ ಎಂದು ಕೇಳಿದರೆ, ಆ ಎದೆಗೇ ಇರಬೇಕು.

ಅತ್ತಿ ಕಣ್ಣು ತೆರೆದಳು. ತೆರೆದ ಕೂಡಲೇ ಹುಬ್ಬಿನ ನಡುವೆ ಗಂಟು ಬಿತ್ತು. ಮದ್ದು ನೋವು ಕಳೆಯುವ ಔಷಧವನ್ನೇ ಓಡಿಸಿತ್ತಲ್ಲ, ನೋವು ವಾಪಸ್ಸು ಬಂದಿತ್ತು.

“ಯಾಕ ಎಬ್ಬಿಸಿದ್ರಿ ಹೊಲಸ ಮಂದಿ” ಅಂದಳು. ಅಷ್ಟು ಚಂದದ ಬೈಗುಳ ನಾನು ಕೇಳಿಲ್ಲ.

ಮಧ್ಯಾಹ್ನ ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇದ್ದಳು. ಉಸಿರು ನಿಂತಾಗ ಹೇಗನಿಸಿತು, ಉಬ್ಬಸ ಆಗಲಿಲ್ಲವೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು.

“ಏನೂ ಆಗ್ಲಿಲ್ಲವ್ವ. ಉಸುರ ಬೇಕು ಅನಸಲೇ ಇಲ್ಲ. ಬೀಳಗಿ ಕಡೆ ಬಯಲಾಗ ಬೆಚ್ಚಗ ಮಲಗಿದಂಗಿತ್ತು. ಯಾರೋ ಬಸ್ಸ ಒದರಾಕತ್ತಿದ್ರು. ಎಷ್ಟ ಸುಮ್ನಿರು ಅಂದ್ರೂ ಕೇಳಲಿಲ್ಲ, ಒದರೇ ಒದರಿದ್ರು. ಅದಕ್ಕ, ಸಾಯ್ಲಿ ಅತ್ಲಾಗ, ಅಂತ ನಾ ಒಂದೊಂದ ಉಸುರ ತಗೊಂಡ್ಯಾ.”

ನಾನು ನಕ್ಕೆ. ನಗುವಾಗಲೇ ಕಣ್ಣಲ್ಲಿ ನೀರು ಬಂತು. ಆದರೆ ಅವಳ ಮಾತಿನ ಒಂದು ತುಂಡು ಒಳಗೆ ನಟ್ಟಿತು. ಬೇಕು ಅನಿಸಲೇ ಇಲ್ಲ ಅಂದಳಲ್ಲ. ಅದನ್ನು ಮೇಡಂಗೆ ಹೇಳಿದೆ. ಅವರು ಸ್ಟೂಲು ಎಳೆದುಕೊಂಡು ಕೂತು, ನನಗೆ ತಿಳಿಯುವಂತೆ ಹೇಳಿದರು. ಕುತ್ತಿಗೆಯ ಮೇಲೆ, ಮೆದುಳಿನ ಬುಡದಲ್ಲಿ ಒಂದು ಸಣ್ಣ ಜಾಗ ಇದೆಯಂತೆ. ಅದು ಹಗಲು ರಾತ್ರಿ ರಕ್ತವನ್ನು ನೋಡುತ್ತಲೇ ಇರುತ್ತದೆ. ಮೈ ಬಳಸಿ ಬಿಟ್ಟ ಕೆಟ್ಟ ಗಾಳಿ ಹೆಚ್ಚಾಯಿತೆಂದರೆ ಉಸಿರು ತಗೋ ಎಂದು ಎದೆಗೆ ಹೇಳುತ್ತದೆ. ನಾವು ಬಾವಿಯಲ್ಲಿ ಮುಳುಗಿ ಎದ್ದಾಗ ಗಾಳಿಗಾಗಿ ಒದ್ದಾಡುತ್ತೇವಲ್ಲ, ಅದು ಆ ಜಾಗದ ಕೂಗು. ಕೆಂಡದ ಕಾವಿಗೆ ಪಟ್ಟಿಯ ಔಷಧ ಬೇಗ ಬೇಗ ಮೈಗೆ ಇಳಿದಿದೆ. ಹೀಗೆ ಅದು ಹೆಚ್ಚಾದರೆ ನೋವಿನ ಜೊತೆಗೆ ಆ ಜಾಗವೂ ಮಂಪರಿಗೆ ಹೋಗುತ್ತದೆ. ಕೆಟ್ಟ ಗಾಳಿ ತುಂಬುತ್ತಿದ್ದರೂ ಅದಕ್ಕೆ ತಿಳಿಯುವುದಿಲ್ಲ, ಮನುಷ್ಯನಿಗೆ ಒದ್ದಾಟವೇ ಇಲ್ಲ. ಕಿವಿಗೆ ಬಿದ್ದ ಮಾತು ಇನ್ನೂ ಒಳಗೆ ಮುಟ್ಟುತ್ತಿದ್ದರೆ, ಹೇಳಿದರೆ ಉಸಿರಾಡುತ್ತಾರೆ, ಬಿಟ್ಟರೆ ಮರೆಯುತ್ತಾರೆ. “ಆಮ್ಯಾಲ ಅದೂ ಮುಟ್ಟೂದಿಲ್ರಿ” ಅಂದರು.

“ಮತ್ತ ಎದಿ ಬಡೀತಿತ್ತಲ್ರಿ?”

“ಎದಿ ಹಠಮಾರಿ. ಉಸುರ ಕಡಿಮಿ ಆದ್ರೂ ಅದು ಬಡಕೋತನ ಇರತೈತಿ. ಆದ್ರ ಅದು ಹಂಚೋ ರಕ್ತದಾಗ ಗಾಳಿನ ಇರೂದಿಲ್ಲ. ರಕ್ತದ ಒತ್ತಡ ಇಳೀತೈತಿ, ಕೈಕಾಲ ತಣ್ಣಗಾಗ್ತಾವು, ಕಡೀಕ ಎದಿಗೂ ಗಾಳಿ ಸಾಲೂದಿಲ್ಲ. ಆಗ ಅದೂ ಸೋಲತೈತಿ. ಇವರದು ಸೋಲಾಕ ಬಂದಿತ್ತು.”

ತಮ್ಮ ಸ್ಟೆತಸ್ಕೋಪಿನ ನಳಿಕೆಯನ್ನು ನನ್ನ ಕಿವಿಗೆ ಹಾಕಿ, ಇನ್ನೊಂದು ತುದಿಯನ್ನು ಅತ್ತಿಯ ಬೆನ್ನಿನ ಕೆಳಗಡೆ ಇಟ್ಟರು. ಅವಳು ಉಸಿರೆಳೆದಾಗಲೆಲ್ಲ ಒಳಗೆ ಚಿಟಿಚಿಟಿ ಸದ್ದು. ದೂರದ ಮನೆಯಲ್ಲಿ ಜೋಳದ ಅಳ್ಳು ಹುರಿದಂತೆ ಕೇಳಿತು. ಗಾಳಿಯಿಲ್ಲದೆ ಬಳಲಿದ ಪುಪ್ಪುಸದೊಳಗೆ ನೀರು ಜಿನುಗಿ ನಿಂತಿದೆ, ಅದರ ನಡುವೆ ಗಾಳಿ ದಾರಿ ಮಾಡಿಕೊಳ್ಳುತ್ತಿರುವ ಸದ್ದು ಅದು ಎಂದರು. ಆಮೇಲೆ ತುದಿಯನ್ನು ಎಡ ಎದೆಗೆ ಸರಿಸಿದರು. ಲಬ್ ಡಬ್, ಲಬ್ ಡಬ್. ಆ ಹೃದಯ ಬೆಳಗಿನಿಂದ ಎಂಥ ಕೆಟ್ಟ ರಕ್ತ ಹೊತ್ತು ದುಡಿದಿತ್ತು. ನಾನು ಬಸ್ಸು ಅರ್ಧ ತಾಸು ತಡವಾದರೆ ಊರೆಲ್ಲ ಒಂದು ಮಾಡುವವಳು. ಇದೋ, ಯಾರಿಗೂ ಗೊಣಗದೆ ಒಂದೇ ಸಮನೆ ನಡೆದಿತ್ತು. ನಳಿಕೆ ವಾಪಸ್ಸು ಕೊಡಲು ನನಗೆ ಮನಸ್ಸಾಗಲಿಲ್ಲ.

ಇಷ್ಟಾಯಿತಲ್ಲ, ಕಾಕಾ ಗಾಡಿ ತರುತ್ತೇನೆ, ಮನೆಗೆ ಹೋಗೋಣ ಅಂದ. ಅತ್ತಿಯೂ ಹೂಂ ಅಂದಳು. ಮೇಡಂ ಬಿಲ್‌ಕುಲ್ ಒಪ್ಪಲಿಲ್ಲ. ಪಟ್ಟಿ ಕಿತ್ತರೂ ಚರ್ಮದ ಕೆಳಗೆ ಔಷಧದ ಸಂಗ್ರಹ ಇನ್ನೂ ಇದೆ, ಅದು ತಾಸುಗಟ್ಟಲೆ ಇಳಿಯುತ್ತಲೇ ಇರುತ್ತದೆ. ಮದ್ದು ಮಾತ್ರ ಬೇಗ ಮುಗಿಯುತ್ತದೆ ಎಂದರು. ಕಾಕಾನಿಗೆ ನಂಬಿಕೆ ಬರಲಿಲ್ಲ. “ಕಿತ್ತಿ ಒಗದ್ರಲ್ರಿ, ಮತ್ತೆಲ್ಲಿಂದ ಬರತೈತಿ?” ಅಂದ. ನಾನು ಅವನ ಮೇಲೆ ಹರಿಹಾಯ್ದೆ. “ಸುಮ್ನ ಕೂಡೋ ಕಾಕಾ, ಮುಂಜಾನೆ ಕಾಸಿದ್ದು ಸಾಕು” ಅಂದುಬಿಟ್ಟೆ. ಅವನ ಮುಖ ಸಣ್ಣದಾಯಿತು. ಅಂಗಳಕ್ಕೆ ಹೋಗಿ ಬೇವಿನ ಗಿಡದ ಕೆಳಗೆ ಕೂತ.

ಅತ್ತಿ ನಿದ್ದೆ ಬರುತ್ತದೆ ಅಂದಳು. ಹುಬ್ಬಿನ ಗಂಟು ಮೆಲ್ಲಗೆ ಸಡಿಲಾಯಿತು. ಬೆಳಿಗ್ಗೆ ನೋಡಿ ಖುಷಿಪಟ್ಟಿದ್ದ ಅದೇ ಶಾಂತ ಮುಖ. ಈ ಸಲ ಅದನ್ನು ನಂಬಲಿಲ್ಲ. ಎದೆ ನೋಡಿದೆ. ಎದ್ದಿತು, ಇಳಿಯಿತು, ನಿಂತಿತು. “ಅತ್ತಿ, ತಗೊ” ಅಂದೆ. ತೆಗೆದುಕೊಂಡಳು. ಇನ್ನೊಮ್ಮೆ ಅಂದೆ, ಬರಲಿಲ್ಲ. ಆಗ ನಾನು ಹಾಕಿದ ಕೂಗಿಗೆ ಅಂಗಳದಲ್ಲಿದ್ದ ಕಾಕಾ, ಮೇಡಂ, ನರ್ಸು ಎಲ್ಲರೂ ಒಟ್ಟಿಗೆ ಓಡಿ ಬಂದರು. ಮತ್ತೆ ಚೀಲ, ಮತ್ತೆ ಮದ್ದು. ಈ ಸಲ ಹನಿ ಹನಿಯಾಗಿ ಸಲಾಯಿನ್ ಜೊತೆ ಬಿಟ್ಟುಕೊಂಡೇ ಇಟ್ಟರು. ಮತ್ತೆ ಆ ಎದೆ ತಾನಾಗಿ ಎದ್ದಿತು. ಕಾಕಾ ಹಾಸಿಗೆಯ ಕಾಲು ಹಿಡಿದು ನೆಲದ ಮೇಲೆ ಕೂತು, ಚಿಕ್ಕ ಮಗುವಿನಂತೆ ಅತ್ತ. “ನಾನ ಕೊಲ್ತಿದ್ಯಾ ನಮ್ಮಕ್ಕನ್ನ” ಅಂದ.

ಅತ್ತಿಗೆ ಎಚ್ಚರವಿತ್ತು. ಮುಖವಾಡ ಸರಿಸಿ, “ಏ ಹುಚ್ಚ, ಕಾಸು ಅಂದಾಕಿ ನಾನು. ಕೆಂಡ ಛಲೋನ ಹಾಕಿದ್ದಿ. ಸುಮ್ನಿರು” ಅಂದಳು. ನಾನು ಹೋಗಿ ಕಾಕಾನ ಹೆಗಲ ಮೇಲೆ ಕೈ ಇಟ್ಟೆ.

ಎರಡು ದಿನ ಇಟ್ಟುಕೊಂಡರು. ಬೆನ್ನಿನ ಚಿಟಿಚಿಟಿ ಸದ್ದು ಅಡಗಿತು. ಮನೆಗೆ ಬಂದಾಗ ಕಾಕಾ ಪಟ್ಟಿಯ ಡಬ್ಬಿಯನ್ನು ಗೂಡಿನಿಂದ ತೆಗೆದು ಹಗೆಯನ್ನು ಹಿಡಿದಂತೆ ಹಿಡಿದುಕೊಂಡು, ಹೊಳೆಗೆ ಒಗೆದು ಬರುತ್ತೇನೆ ಅಂದ. ಅತ್ತಿ ಕೈ ಚಾಚಿದಳು. “ತಾ ಇಲ್ಲಿ. ಬೆಂಕಿ ಬಿಡ್ತೇನಿ, ಇದನ್ನ ಬಿಡೂದಿಲ್ಲ” ಅಂದಳು. ಜಮಖಂಡಿಯ ಡಾಕ್ಟರನ್ನು ಕೇಳಿದೆವು. ಸಣ್ಣ ಪಟ್ಟಿ ಕೊಟ್ಟರು, ತೋಳಿಗೆ ಹಚ್ಚಲು ಹೇಳಿದರು. ಕೆಂಡ, ಬಿಸಿನೀರಿನ ಚೀಲ, ಮಧ್ಯಾಹ್ನದ ಬಿಸಿಲು ಯಾವುದೂ ಬೇಡ ಎಂದು ಎರಡೆರಡು ಸಲ ಹೇಳಿದರು, ಕಾಕಾ ಎರಡೆರಡು ಸಲ ಗೋಣು ಹಾಕಿದ. ಉಳಿದ ಚಳಿಗಾಲ ಅತ್ತಿ ಕೆಂಡವಿಲ್ಲದೆ ಕಳೆದಳು. ಊರಿನ ಬೆನ್ನೆಲ್ಲ ಕಾಸಿದವಳಿಗೆ ತನ್ನ ಬೆನ್ನಿಗೆ ಬೆಂಕಿಯಿಲ್ಲ. ಥಂಡಿ ಅಂದಾಗ ನಾನು ಹಿಂದೆ ಕೂತು ಅವಳ ಬೆನ್ನ ಮೇಲೆ ಅಂಗೈ ಇಡುತ್ತಿದ್ದೆ. ಡಾಕ್ಟರು ಅಂಗೈಯನ್ನು ಬೇಡ ಅಂದಿರಲಿಲ್ಲ.

ಹಾಗೆ ಅಂಗೈ ಇಟ್ಟು ಕೂತಾಗ ಮಾತೇ ಬೇಕಾಗುತ್ತಿರಲಿಲ್ಲ. ಬೆನ್ನು ಏರುವುದು, ಇಳಿಯುವುದು. ಅದೇ ನನಗೆ ದೊಡ್ಡ ಸೋಜಿಗವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂತಾಗಲೂ ಕಿಟಕಿಯಾಚೆ ಸಾಲಾಗಿ ಕೂತ ಮಂದಿಯನ್ನು ನೋಡುತ್ತಿದ್ದೆ. ಒಬ್ಬ ಬೀಡಿ ಸೇದುತ್ತಾನೆ, ಒಬ್ಬಳು ಮಗುವಿಗೆ ಬೈಯುತ್ತಾಳೆ, ಒಬ್ಬ ಬಾಯಿ ತೆರೆದು ನಿದ್ದೆ ಹೊಡೆಯುತ್ತಾನೆ. ಎಲ್ಲರ ಎದೆಯೂ ಏಳುತ್ತಿದೆ, ಯಾರಿಗೂ ಅದರ ಗೊಡವೆಯಿಲ್ಲ. ಅವರವರ ಬಸ್ಸನ್ನು ನಾನು ಕೂಗಿ ಹೇಳಬೇಕು. ಉಸಿರನ್ನು ಯಾರೂ ಹೇಳಬೇಕಾಗಿಲ್ಲ. ಇಷ್ಟು ವರ್ಷ ಇದನ್ನು ನೋಡದೆ ಏನು ನೋಡಿದೆ ಅನಿಸುತ್ತಿತ್ತು.

ಬೇಸಿಗೆಯ ಕೊನೆಗೆ ಅತ್ತಿ ಊಟ ಬಿಟ್ಟಳು. ಕಾರ ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಬನಹಟ್ಟಿಯ ಮೇಡಂ ತಾವಾಗಿ ಚಿಮ್ಮಡಕ್ಕೆ ಬಂದು ನೋಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ಕರಿಗುಡ್ಡೆ ಸಾಸಿವೆಯಾಗಿರಲಿಲ್ಲ. “ಇದು ಔಷಧದ್ದಲ್ರಿ. ಹೊತ್ತ ಬಂದೈತಿ. ನೋವಾಗದಂಗ ಅಷ್ಟ ನೋಡ್ಕೋರಿ” ಎಂದು ನನ್ನ ಕೈ ಹಿಡಿದು ಹೇಳಿ ಹೋದರು.

ಮರುದಿನ ಮಧ್ಯಾಹ್ನ. ಅದೇ ಪಡಸಾಲೆ, ಅದೇ ಹೊರಸು, ಕೆಳಗೆ ಬರಿ ನೆಲ. ಅತ್ತಿ ನನ್ನ ಕಡೆ ಬೆನ್ನು ಮಾಡಿ ಮಲಗಿದ್ದಳು, ಉಸಿರು ದೂರ ದೂರ ಬೀಳುತ್ತಿತ್ತು. ಒಂದು ಬಂದು ಇನ್ನೊಂದು ಬರದೇ ಇದ್ದಾಗ ಕಾಕಾ ನನ್ನ ಮುಖ ನೋಡಿದ.

“ಕರಿ ಯವ್ವಾ. ನಿನ್ನ ದನಿಗೆ ಬರತೈತಿ.”

ಕರೆದೆ. “ಅತ್ತಿ, ಉಸುರ ತಗೊ ಬೇ.” ಬಂತು. ಕೂಗಿಗೋ, ತಾನಾಗಿಯೋ, ಬಂತು. ಕಾಕಾನ ಕಣ್ಣು ಅರಳಿದವು. ಇನ್ನೊಮ್ಮೆ ಕರೆದೆ. ಮತ್ತೆ ಬಂತು, ಆದರೆ ಬಗ್ಗಿ ಮುಖ ನೋಡಿದರೆ ಹುಬ್ಬಿನ ನಡುವೆ ಆ ಗಂಟು ಬಿದ್ದಿತ್ತು. ಆ ಗಂಟನ್ನು ನಾನು ಸಣ್ಣವಳಿದ್ದಾಗಿನಿಂದ ಬಲ್ಲೆ. ಕುರಿ ಬೆದರ್ತಾವು ಅನ್ನುವಾಗಿನ ಗಂಟು ಅದು. ನಾನು ಕರೆಯುತ್ತ ಹೋದರೆ ಇವಳು ನನ್ನ ಸಲುವಾಗಿ ಒಂದೊಂದೇ ಎಳೆಯುತ್ತ ಹೋಗುತ್ತಾಳೆ ಅನಿಸಿತು. ಮತ್ತೆ ಕರೆಯಲು ಬಾಯಿ ತೆರೆದಿದ್ದೆ. ಕಾಕಾ ಕಾಯುತ್ತಿದ್ದ. ನನ್ನ ಜೀವಮಾನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ. ಬಾಯಿ ಮುಚ್ಚಿಕೊಂಡೆ.

ಅವಳ ಬೆನ್ನ ಮೇಲೆ ಅಂಗೈ ಇಟ್ಟೆ. ಹುಬ್ಬಿನ ಗಂಟು ಸಡಿಲಾಯಿತು. ಅಂಗೈಯ ಕೆಳಗೆ ಬೆನ್ನು ಯಾರೂ ಹೇಳದೆ ಒಮ್ಮೆ ಏರಿತು, ಮೆಲ್ಲಗೆ ಇಳಿಯಿತು. ಮತ್ತೆ ಏರಲಿಲ್ಲ. ನಾನು ಅಂಗೈ ತೆಗೆಯಲಿಲ್ಲ. ಬೆನ್ನು ಇನ್ನೂ ಬೆಚ್ಚಗಿತ್ತು.